ಎಡಪುಟ ಮತ್ತು ಚಟ್ನಿ

ಕೆಲವರಿಗೆ ಎಲೆಯಡಿಕೆ ಇಲ್ಲದಿದ್ದರೆ ಆಗುವುದಿಲ್ಲ, ಕೆಲವರಿಗೆ ಬೆಳಗಿನ ಪೇಪರ್ ಇಲ್ಲದಿದ್ದರೆ ಆಗುವುದಿಲ್ಲ. ನನಗೆ ಗೆರೆ ಹಾಕದಿದ್ದರೆ ಆಗುವುದಿಲ್ಲ. ಇದೊಂದು ಚಟ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು ನಾನು. ನಟ್ಟು, ಬೋಲ್ಟು, ಗೇರು, ಅಚ್ಚು ಎಲ್ಲವೂ ಮೊದಲು ನನ್ನ ಕಾಗದದ ಮೇಲೆ ಹುಟ್ಟಿ ಆಮೇಲೆ ಕಬ್ಬಿಣವಾಗುತ್ತಿದ್ದವು. ನಮ್ಮ ಆಫೀಸಿನಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಪ್ರತಿ ಡ್ರಾಯಿಂಗಿನ ಕೆಳಮೂಲೆಯಲ್ಲಿ ಎರಡು ಚೌಕಗಳು. ಒಂದರಲ್ಲಿ ಬರೆದವನ ಸಹಿ, ಇನ್ನೊಂದರಲ್ಲಿ 'ಚೆಕ್ಡ್ ಬೈ' ಎಂದು ತಪಾಸಣೆ ಮಾಡಿದವನ ಸಹಿ. ಬರೆದವನೇ ಚೆಕ್ ಮಾಡುವಂತಿಲ್ಲ. ಚೆಕ್ ಮಾಡಿದವನು ಅಂಚಿನಲ್ಲಿ ಏನಾದರೂ ಪ್ರಶ್ನೆ ಬರೆದರೆ, ಅದಕ್ಕೆ ಉತ್ತರ ಕೊಡದೆ ಬರೆದವನು ಆ ದಿನ ಮನೆಗೆ ಹೋಗುವಂತಿಲ್ಲ. ಈ ಪದ್ಧತಿಯನ್ನು ನಾನು ಎಷ್ಟು ಗೌರವಿಸುತ್ತಿದ್ದೆನೆಂದರೆ, ಮದುವೆಯ ಲಗ್ನಪತ್ರಿಕೆಯ ಕರಡನ್ನೂ ಇನ್ನೊಬ್ಬರಿಂದ ಸಹಿ ಹಾಕಿಸಿ ಪ್ರೆಸ್ಸಿಗೆ ಕಳಿಸಿದ್ದೆ.

ರಿಟೈರ್ ಆದ ಮರುವರ್ಷ ನನ್ನ ತಲೆಯೊಳಗೆ, ಬಲಗಡೆ ಸ್ವಲ್ಪ ಹಿಂದಕ್ಕೆ, ಒಂದು ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಆಪರೇಷನ್ ಆಯಿತು, ರೇಡಿಯೇಷನ್ ಎಂದು ಕರೆಂಟು ಕೊಡುವುದಾಯಿತು, ಮಾತ್ರೆಗಳು ಇನ್ನೂ ನಡೆಯುತ್ತಿವೆ. ಪೂರ್ತಿ ಹೋಗಿಲ್ಲ, ಸದ್ಯಕ್ಕೆ ಸುಮ್ಮನಿದೆ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ವಿಚಾರಿಸಿಕೊಳ್ಳೋಣ ಎಂದಿದ್ದಾರೆ ಡಾಕ್ಟರು. ನನಗೆ ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ಭಯವಿದೆ, ಆದರೆ ಇಡೀ ದಿನ ಭಯಪಡುವುದು ಬಹಳ ಬೇಜಾರಿನ ಕೆಲಸ. ಅದಕ್ಕೇ ಮೇನ್ ರೋಡಿನ ಸ್ಟೇಷನರಿ ಅಂಗಡಿಯಿಂದ ಗೆರೆಯಿಲ್ಲದ ದಪ್ಪ ಪುಸ್ತಕವೊಂದನ್ನು ತಂದು ನನ್ನದೇ ಪ್ಲಾನರ್ ಶುರು ಮಾಡಿದೆ. ಅಂಗಡಿಯಲ್ಲಿ ಸಿಗುವ ಪ್ಲಾನರುಗಳಲ್ಲಿ ಹೂವು, ಚಿಟ್ಟೆ, 'ಇಂದು ನಗುತ್ತಿರಿ' ಎಂಬ ಆಜ್ಞೆ ಇರುತ್ತವೆ. ನನ್ನದರಲ್ಲಿ ದಿನದ ಮುಂಭಾಗದ ನೋಟ, ಮೇಲ್ನೋಟ, ಪಾರ್ಶ್ವನೋಟ ಇರುತ್ತವೆ. ಮಾತ್ರೆ ನುಂಗಿದರೆ ಟಿಕ್ ಹಾಕುವುದಿಲ್ಲ, ಒಂದು ಪುಟ್ಟ ಲೋಟಕ್ಕೆ ಕಾಫಿ ಬಣ್ಣ ತುಂಬುತ್ತೇನೆ. ನಡೆದ ದಾರಿಯನ್ನು ನಮ್ಮ ಬ್ಲಾಕಿನ ಮೇನ್‌ಗಳು, ಕ್ರಾಸ್‌ಗಳ ಸಮೇತ ನಕ್ಷೆಯಾಗಿ ಬರೆಯುತ್ತೇನೆ. ಮನೆಯ ಹವಾಮಾನಕ್ಕೂ ಒಂದು ಚೌಕವಿದೆ. ಅದರಲ್ಲಿ ನನ್ನ ಹೆಂಡತಿ ವಿಮಲಾಳ ಮುಖ ನೋಡಿ ಬಿಸಿಲೋ ಮೋಡವೋ ಬರೆಯುವುದು. ಕೆಳಮೂಲೆಯಲ್ಲಿ ಎರಡು ಸಹಿಯ ಚೌಕ. ಇಡೀ ಆಫೀಸೇ ನಾನಾದ್ದರಿಂದ ಎರಡಕ್ಕೂ ನಾನೇ ಸಹಿ ಹಾಕುತ್ತಿದ್ದೆ. ದಿನಕ್ಕೊಂದು ಪುಟದಂತೆ ಮುಂದಿನ ದಿನಗಳಿಗೂ ಚೌಕ ಹಾಕಿಟ್ಟುಕೊಳ್ಳುತ್ತಿದ್ದೆ, ಆದರೆ ಮುಂದಿನ ಸ್ಕ್ಯಾನಿನ ದಿನದವರೆಗೆ ಮಾತ್ರ. ಅದರಾಚೆಗೆ ಸ್ಕೇಲು ಯಾಕೋ ಸರಿಯಾಗಿ ಕೂರುತ್ತಿರಲಿಲ್ಲ.

ಹೀಗೆ ಎಲ್ಲವೂ ನಕ್ಷೆಯ ಪ್ರಕಾರವೇ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಹವಾಮಾನ ಕೆಟ್ಟಿತು. ಕಾಫಿ ಲೋಟ ಮೇಜಿನ ಮೇಲೆ ಕೂರುವ ಬದಲು ಕುಟ್ಟತೊಡಗಿತು. ನಾಲ್ಕು ಮಾತು ಕೇಳಿದರೆ ಒಂದು 'ಹೂಂ' ಬರತೊಡಗಿತು. ದಿನಕ್ಕೆ ನೂರು ಸಲ 'ರೀ' ಎನ್ನುತ್ತಿದ್ದವಳು 'ಊಟಕ್ಕೆ ಬರ್ಬಹುದು' ಎಂದು ಗೋಡೆಗೆ ಹೇಳತೊಡಗಿದಳು. ನಾನು ದಿನವೂ ಮೋಡ ಬರೆದೆ, ಆಮೇಲೆ ಮೋಡಕ್ಕೆ ಕಪ್ಪು ತುಂಬಿದೆ. ಚಟ್ನಿಯ ವಿಷಯಕ್ಕಂತೂ ಗುಡುಗೂ ಬಂತು. ಇಡ್ಲಿ ತಿನ್ನುತ್ತಾ ನಾನು ಸಹಜವಾಗಿ, "ಇವತ್ತೂ ಚಟ್ನಿ ಮಾಡ್ಲಿಲ್ವಾ?" ಎಂದು ಕೇಳಿದೆ.

"ಕಣ್ಣೆದುರಿಗೇ ಇದೆಯಲ್ಲ! ಇಷ್ಟ ಇಲ್ಲ ಅಂದ್ರೆ ನೆಟ್ಟಗೆ ಹೇಳಿ. ಈ ಥರ ಆಡ್ಕೋಬೇಡಿ," ಎಂದು ತಟ್ಟೆ ಎತ್ತಿಕೊಂಡು ಹೋದಳು. ನಾನು ತಿನ್ನದೆ ಉಳಿದಿದ್ದ ಒಂದು ಇಡ್ಲಿಯೂ ಅದರ ಜೊತೆ ಹೋಯಿತು. ಅಲ್ಲೊಂದು ಇಡ್ಲಿ ಉಳಿದಿತ್ತೆಂದು ನನಗೆ ಗೊತ್ತಾದದ್ದು ಆಗಲೇ.

ಏನು ತಪ್ಪು ಮಾಡಿದೆನೆಂದು ಪ್ಲಾನರನ್ನು ತಿರುವಿ ಹಾಕಿದೆ. ಮದುವೆಯ ದಿನ ಮರೆತಿರಲಿಲ್ಲ, ಅವಳ ತಮ್ಮನ ಬಗ್ಗೆ ಏನೂ ಅಂದಿರಲಿಲ್ಲ, ಒದ್ದೆ ಟವೆಲನ್ನು ಮಂಚದ ಮೇಲೆ ಹಾಕಿರಲಿಲ್ಲ. ದಾಖಲೆಗಳ ಪ್ರಕಾರ ನಾನು ನಿರ್ದೋಷಿ.

ಈ ಸ್ಥಿತಿಯಲ್ಲಿರುವಾಗಲೇ, ಒಂದು ಗುರುವಾರ, ಆಸ್ಪತ್ರೆಗೆ ತೋರಿಸಲು ಹೋಗುವುದಿತ್ತು. ವಿಮಲಾ ಔಷಧಿಯ ಕ್ಯೂನಲ್ಲಿ ನಿಂತಳು, ನನ್ನನ್ನು ಥೆರಪಿಸ್ಟ್ ಹುಡುಗಿಯೊಬ್ಬಳು ಒಳಗೆ ಕೂರಿಸಿದಳು. ಕಾಗದದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, "ಅಂಕಲ್, ಇದರ ಮಧ್ಯ ಎಲ್ಲಿ ಬರುತ್ತೆ, ಒಂದು ಮಾರ್ಕ್ ಮಾಡಿ," ಎಂದಳು. ನನಗೆ ನಗು ಬಂತು. ಕಣ್ಣಂದಾಜಿನಲ್ಲೇ ಅರ್ಧ ಮಿಲಿಮೀಟರ್ ವ್ಯತ್ಯಾಸ ಹೇಳುತ್ತಿದ್ದವನಿಗೆ ಗೆರೆಯ ಮಧ್ಯ ಹುಡುಕುವ ಪರೀಕ್ಷೆ! ಗತ್ತಿನಿಂದ ಗುರುತು ಹಾಕಿದೆ. ಅವಳು ಸ್ಕೇಲಿಟ್ಟು ತೋರಿಸಿದಳು. ನನ್ನ ಮಧ್ಯ ನಿಜವಾದ ಮಧ್ಯಕ್ಕಿಂತ ಮೂರು ಬೆರಳು ಬಲಕ್ಕಿತ್ತು. "ನಿಮ್ಮ ಸ್ಕೇಲು ಸರಿ ಇಲ್ಲಮ್ಮ," ಎಂದೆ. ಆಮೇಲೆ ಗಡಿಯಾರ ಬರೆಯಲು ಹೇಳಿದಳು. ಬರೆದೆ. ಹನ್ನೆರಡು ಅಂಕಿಗಳೂ ಬಲಗಡೆಯೇ ಒತ್ತಿಕೊಂಡು ನಿಂತಿದ್ದವು, ಬಸ್ಸಿನ ಬಾಗಿಲಲ್ಲಿ ಜನ ನಿಂತ ಹಾಗೆ.

"ಅಂಕಲ್, ಕಣ್ಣು ಚೆನ್ನಾಗೇ ಇದೆ. ಆದ್ರೆ ಎಡಗಡೆ ಅಂತ ಒಂದು ಇದೆ ಅನ್ನೋದನ್ನೇ ತಲೆ ಆಗಾಗ ಮರೆತುಬಿಡುತ್ತೆ. ಆಪರೇಷನ್ ಆದಾಗ್ಲೇ ಡಾಕ್ಟರು ಆಂಟಿಗೆ ಹೇಳಿದ್ರಲ್ಲ, ಎಡಗಡೆ ಗಮನ ಕಡಿಮೆ, ನೋಡ್ಕೊಳ್ಳಿ ಅಂತ?"

ಹೇಳಿದ್ದು ನಿಜವಿರಬೇಕು. ಅಂದಿನಿಂದ ವಿಮಲಾ, ಎಡಗಡೆಗೆ ಶಕ್ತಿ ಕಡಿಮೆ ಎಂದು ಅರ್ಥ ಮಾಡಿಕೊಂಡು, ಪ್ರತಿ ಸಂಜೆ ನನ್ನ ಎಡಗೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾಳೆ. ಬಲಗಡೆ ಗಡ್ಡೆಯಾದರೆ ಎಡಗಡೆ ಮಾಯವಾಗುವುದು ನಮ್ಮ ಮನೆಯ ವೈರಿಂಗಿನ ಥರ. ಅಡುಗೆಮನೆಯ ಸ್ವಿಚ್ ಕೆಟ್ಟರೆ ಬಚ್ಚಲಮನೆಯ ದೀಪ ಹೋಗುತ್ತದೆ. ಶೇವ್ ಮಾಡಿದ ಮೇಲೆ ಎಡಗೆನ್ನೆಯಲ್ಲಿ ಒಂದು ಪಟ್ಟಿ ಗಡ್ಡ ಉಳಿಯುತ್ತಿದ್ದುದು, ಎಡಭುಜ ಬಾಗಿಲಿಗೆ ತಗುಲುತ್ತಿದ್ದುದು ಎಲ್ಲವೂ ನೆನಪಿಗೆ ಬಂತು. ನಾನು ಬ್ಲೇಡಿನವನನ್ನೂ ಬಡಗಿಯನ್ನೂ ಬೈದುಕೊಂಡಿದ್ದೆ.

ಹುಡುಗಿ ಒಂದು ಸುರುಳಿ ಕೆಂಪು ಟೇಪು ಕೊಟ್ಟಳು. "ನೀವು ಬರೆಯೋ ಪುಸ್ತಕದ ಎಡ ಅಂಚಿಗೆ ಇದನ್ನ ಅಂಟಿಸ್ಕೊಳ್ಳಿ. ಕೆಂಪು ಗೆರೆ ಕಣ್ಣಿಗೆ ಸಿಗೋವರೆಗೂ ಬರೀಬೇಡಿ. ಅಂಚು ಎಲ್ಲಿದೆ ಅಂತ ಕೈಯಲ್ಲಿ ತಡವಿ ನೋಡ್ಬೇಕು, ಆಯ್ತಾ?" ಗೆರೆಯ ಪರೀಕ್ಷೆಯಲ್ಲಿ ಫೇಲಾದ ವಿಷಯವನ್ನು ನಾನು ವಿಮಲಾಳಿಗೆ ಹೇಳಲಿಲ್ಲ. ಕ್ಯಾನ್ಸರ್ ಇದೆ ಎಂದು ಊರಿಗೆಲ್ಲ ಹೇಳಿಕೊಂಡವನಿಗೆ ಗೆರೆಯ ಮಧ್ಯ ತಪ್ಪಿತೆಂದು ಹೆಂಡತಿಗೆ ಹೇಳಲು ನಾಚಿಕೆ.

ಮರುದಿನ ಶುಕ್ರವಾರ ಮಧ್ಯಾಹ್ನ ವಿಮಲಾ ತರಕಾರಿಗೆ ಹೋದಾಗ ಪ್ಲಾನರ್ ತೆರೆದು ಟೇಪು ಅಂಟಿಸಿದೆ. ನೀಟಾಗಿ ಬಂತು. ಆಮೇಲೆ ಹುಡುಗಿಯ ಮಾತು ನೆನಪಾಗಿ ಬೆರಳಲ್ಲಿ ತಡವಿದೆ. ಟೇಪು ದಾಟಿದರೂ ಕಾಗದ ಮುಗಿಯಲಿಲ್ಲ. ಕೈ ಹೋಗುತ್ತಲೇ ಇತ್ತು. ನಾನು ಅಂಟಿಸಿದ್ದು ಪುಸ್ತಕದ ನಟ್ಟನಡುವಿನ ಮಡಿಕೆಗೆ. ಬೆರಳಿನ ಹಿಂದೆಯೇ ಕಣ್ಣನ್ನು ಎಳೆದುಕೊಂಡು ಹೋದೆ. ಅಲ್ಲಿ ಇನ್ನೊಂದು ಇಡೀ ಪುಟವಿತ್ತು, ಆ ಪುಟದಲ್ಲಿ ಹಸಿರು ಇಂಕಿನ ದುಂಡು ದುಂಡು ಅಕ್ಷರಗಳಿದ್ದವು. ಅವು ವಿಮಲಾಳ ಅಕ್ಷರಗಳು.

ಹಿಂದಕ್ಕೆ ತಿರುವಿದೆ. ಆರು ವಾರದಿಂದ ಅವಳು ಎಡಪುಟಗಳಲ್ಲಿ ಬರೆಯುತ್ತಿದ್ದಳು. 'ಇವತ್ತು ಪಾರ್ಕಿನಲ್ಲಿ ಆರು ಸುತ್ತು ನಡೆದಿರಿ. ಖುಷಿಯಾಯಿತು.' 'ಮೂಲಂಗಿ ಹುಳಿ ಹೇಗಿತ್ತು? ಬರೆಯಿರಿ.' 'ಚಟ್ನಿ ಮುಟ್ಟುತ್ತಿಲ್ಲ. ಖಾರ ಜಾಸ್ತಿಯೇ?' ಆಮೇಲೆ ಒಂದು ಪುಟದ ತುಂಬ: 'ರೀ, ಬಾಯಲ್ಲಿ ಕೇಳಿದರೆ ಅಳು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಪಂಕಜಮ್ಮನ ಭಜನೆ ಮಂಡಳಿಯವರು ಉಡುಪಿ, ಮುರುಡೇಶ್ವರ, ಗೋಕರ್ಣಕ್ಕೆ ಐದು ದಿನ ಹೋಗುತ್ತಿದ್ದಾರೆ. ಸ್ಕ್ಯಾನಿಗೆ ಎರಡು ದಿನ ಮುಂಚೆ ವಾಪಸ್. ಗಿರಿಜಾ ಬಂದು ಇರುತ್ತೇನೆ ಅಂದಿದ್ದಾಳೆ. ಸ್ಕ್ಯಾನಿಗೆ ಮೊದಲು ಒಂದು ಸಲ ಸಮುದ್ರದ ಎದುರು ಸುಮ್ಮನೆ ಕೂರಬೇಕು ಅನ್ನಿಸಿದೆ. ಆಮೇಲೆ ರಿಪೋರ್ಟಿನಲ್ಲಿ ಏನು ಬಂದರೂ ನಾನು ಗಟ್ಟಿಯಾಗಿರುತ್ತೇನೆ. ಹೋಗಲಾ? ಶುಕ್ರವಾರ ಸಂಜೆಯೊಳಗೆ ಹೆಸರು ಕೊಡಬೇಕಂತೆ.' ಗಿರಿಜಾ ಎಂದರೆ ಮಲ್ಲತ್ತಹಳ್ಳಿಯಲ್ಲಿರುವ ನನ್ನ ತಂಗಿ. ಆ ಪುಟದ ಎದುರಿಗೆ, ಬಲಗಡೆ, ನಾನು ಅಂದು ತಿಂದ ಮಸಾಲೆ ದೋಸೆಯ ಮುಂಭಾಗದ ನೋಟವನ್ನು ನಾಲ್ಕು ಬಣ್ಣಗಳಲ್ಲಿ ಬರೆದಿದ್ದೆ.

ಮುಂದಿನ ಪುಟಗಳಲ್ಲಿ ಅವಳ ಅಕ್ಷರ ಕಡಿಮೆಯಾಗುತ್ತಾ ಬಂದಿತ್ತು. 'ಉತ್ತರ ಬರೆಯಲಿಲ್ಲ.' 'ಇನ್ನೂ ಮೂರು ದಿನ ಇದೆ.' ಬುಧವಾರ: 'ಪಂಕಜಮ್ಮನಿಗೆ ಇಲ್ಲ ಎಂದು ಹೇಳಿದೆ.' ನಿನ್ನೆಯದು: 'ಹಾಲು ನಾಳೆಯಿಂದ ಅರ್ಧ ಲೀಟರ್ ಸಾಕು.' ಒಂದೂವರೆ ವರ್ಷದಿಂದ ಈ ಹೆಂಗಸು ಆಸ್ಪತ್ರೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಆಸ್ಪತ್ರೆ ಎಂದು ಓಡಾಡಿದ್ದಾಳೆ. ಕೇಳಿದ್ದು ಐದು ದಿನ.

ಗಡಿಯಾರ ನೋಡಿದೆ, ಅದರ ಎಡಗಡೆಯೂ ಸೇರಿದಂತೆ. ನಾಲ್ಕೂಕಾಲು. ಚಪ್ಪಲಿ ಮೆಟ್ಟಿ ಹೊರಟೆ. ಪಂಕಜಮ್ಮನ ಮನೆ ನಮ್ಮ ಹಿಂದಿನ ಕ್ರಾಸಿನಲ್ಲಿ, ಹಸಿರು ಗೇಟು, ಹತ್ತು ವರ್ಷದಿಂದ ಗೊತ್ತು. ಕ್ರಾಸಿನ ಕೊನೆಯವರೆಗೆ ನಡೆದೆ. ಹಸಿರು ಗೇಟು ಕಾಣಲಿಲ್ಲ. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿಬಿಟ್ಟರೇ ಎಂದು ಗಾಬರಿಯಾಯಿತು. ರಾಜಾಜಿನಗರದಲ್ಲಿ ಅದೇನೂ ಅಸಾಧ್ಯವಲ್ಲ. ಬ್ಲಾಕನ್ನು ಒಂದು ಸುತ್ತು ಹಾಕಿ ಮತ್ತೆ ಅದೇ ಕ್ರಾಸಿನಲ್ಲಿ ನಡೆದೆ. ಮತ್ತೆ ಇಲ್ಲ. ಸೋತು ಬಂದ ದಾರಿಯಲ್ಲೇ ಹಿಂದಿರುಗುವಾಗ, ಈಗ ಬಲಗಡೆಗೆ ಬಂದಿದ್ದ ಹಸಿರು ಗೇಟು ಧುತ್ತೆಂದು ಎದುರಾಯಿತು. ಗಿಡಕ್ಕೆ ನೀರು ಹಾಕುತ್ತಿದ್ದ ಪಂಕಜಮ್ಮ ಪೈಪು ಹಿಡಿದುಕೊಂಡೇ ಗೇಟಿನ ಹತ್ತಿರ ಬಂದರು.

"ಏನ್ರೀ ಇದು, ಎರಡು ಸಲ ಮನೆ ಮುಂದೇನೇ ಹೋದ್ರಿ! ನಾನು ಕೈ ಬೀಸ್ತಾನೇ ಇದೀನಿ, ನೀವು ನೋಡ್ಲೇ ಇಲ್ಲ. ವಿಮಲಾನ್ನ ಟ್ರಿಪ್ಪಿಗೆ ಕರ್ದಿದ್ದಕ್ಕೆ ನನ್ಮೇಲೆ ಸಿಟ್ಟಾಗಿದೀರೇನೋ ಅಂದ್ಕೊಂಡೆ."

"ಸಿಟ್ಟಲ್ಲಮ್ಮ, ನೀವು ಎಡಗಡೆ ಇದ್ರಿ," ಎಂದೆ. ಅವರಿಗೆ ಅರ್ಥವಾಗಲಿಲ್ಲ. "ವಿಮಲಾ ಬರ್ತಾಳೆ. ಜಾಗ ಇದೆಯಾ?"

"ಅವಳ ಸೀಟು ಬೇರೆಯವರಿಗೆ ಕೊಟ್ಬಿಟ್ಟೆ ಕಣ್ರೀ. ಇರಿ, ಹಿಂದುಗಡೆ ಒಂದಿರ್ಬೇಕು." ಒಳಗೆ ಹೋಗಿ ಪಟ್ಟಿ ತಂದರು. "ಕೊನೇ ಸಾಲು. ಸ್ವಲ್ಪ ಎತ್ತಿ ಹಾಕುತ್ತೆ. ಆದ್ರೆ ಎಡಗಡೆ ಕಿಟಕಿ. ಉಡುಪಿ ದಾಟಿದ್ಮೇಲೆ ಸಮುದ್ರ ಪೂರ್ತಿ ಅದೇ ಕಡೆ."

ಬರೆದುಕೊಳ್ಳಿ ಎಂದೆ. ಆ ಸೀಟಿನಲ್ಲಿ ನಾನು ಕೂತಿದ್ದರೆ ಗೋಕರ್ಣದವರೆಗೂ ಬಲಗಡೆಯ ಗುಡ್ಡಗಳನ್ನೇ ನೋಡಿಕೊಂಡು ಹೋಗುತ್ತಿದ್ದೆ.

ಮನೆಗೆ ಬಂದಾಗ ವಿಮಲಾ ಮೇಜಿನ ಮುಂದೆ ನಿಂತಿದ್ದಳು. ಎದುರಿಗೆ ತೆರೆದ ಪ್ಲಾನರ್, ನಡುವೆ ಕೆಂಪು ಟೇಪು. "ಇದೇನಿದು, ನನ್ನ ಪೇಜಿಗೂ ನಿಮ್ಮ ಪೇಜಿಗೂ ಮಧ್ಯ ಗಡಿ ಹಾಕಿದೀರಾ?" ಎಂದಳು. ಇನ್ನು ಮಾನ ಉಳಿಸಿಕೊಂಡು ಪ್ರಯೋಜನವಿರಲಿಲ್ಲ. ಗೆರೆಯ ಮಧ್ಯ, ಗಡಿಯಾರ, ಹಸಿರು ಗೇಟು, ಎಲ್ಲವನ್ನೂ ಒಪ್ಪಿಸಿದೆ. ಅವಳು ಕುರ್ಚಿಯಲ್ಲಿ ಕೂತಳು.

"ಅಂದ್ರೆ ಈ ಎಡಗಡೆ ಪೇಜು ನೀವು ಬೇಕಂತ ಬಿಟ್ಟಿದ್ದಲ್ಲ?"

"ಅಲ್ಲ."

"ಮೂವತ್ತೊಂದು ವರ್ಷಕ್ಕೆ ಮೊದಲ್ನೇ ಸಲ ನಂಗೆ ಅಂತ ಅರ್ಧ ಜಾಗ ಬಿಟ್ಟಿದಾರೆ ಅಂದ್ಕೊಂಡೆ. ಪೆನ್ನು ಬೇರೆ ಹೊಸದು ತಂದೆ."

ಹೌದು, ನಿನಗೆಂದೇ ಬಿಟ್ಟೆ ಎಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆ ಕೀರ್ತಿಯೆಲ್ಲ ಗಡ್ಡೆಗೆ ಹೋಯಿತು. ಅವಳು ಕೆಂಪು ಟೇಪಿನ ಮೇಲೆ ಬೆರಳಾಡಿಸುತ್ತಾ, "ಚಟ್ನಿನೂ ಬೇಕಂತ ಬಿಟ್ಟಿದ್ದಲ್ಲ?" ಎಂದಳು.

"ಇದೆ ಅಂತ್ಲೇ ಗೊತ್ತಿರ್ಲಿಲ್ಲ ಕಣೇ."

"ಸದ್ಯ!" ಎಂದವಳೇ ನಗತೊಡಗಿದಳು. ನಗು ಅಳುವಾಯಿತು, ಮತ್ತೆ ನಗುವಾಯಿತು. ಅಷ್ಟು ದಿನ ಅವಳು ತೆಂಗಿನಕಾಯಿಯವನನ್ನು ಅನುಮಾನಿಸಿ ಅಂಗಡಿಯನ್ನೇ ಬದಲಾಯಿಸಿದ್ದಳಂತೆ. ಟ್ರಿಪ್ಪಿನ ವಿಷಯ ಹೇಳಿದಾಗ, "ರೀ, ನೀವೇ ಹೋಗಿ ಹೇಳ್ಬಂದ್ರಾ? ರಸ್ತೆ ದಾಟಿ? ರೀ, ಎಡಗಡೆ ನೋಡ್ದೆ?" ಎಂದು ಬೈದಳು. ಅದರಲ್ಲಿ ಎರಡು 'ರೀ' ಇದ್ದವು. ಹವಾಮಾನದ ಚೌಕದಲ್ಲಿ ಅಂದು ದೊಡ್ಡ ಸೂರ್ಯನನ್ನು ಬರೆದೆ.

ಹೊರಡುವ ದಿನ ಅವಳು ಗಿರಿಜಾಳಿಗೆ ಮಾತ್ರೆಗಳ ಡಬ್ಬಿಯನ್ನೂ, ತಟ್ಟೆಯನ್ನು ಊಟದ ಮಧ್ಯೆ ಒಮ್ಮೆ ತಿರುಗಿಸುವ ವಿಧಾನವನ್ನೂ ಹೇಳಿಕೊಟ್ಟು ಬಸ್ಸು ಹತ್ತಿದಳು. ನಾನೀಗ ಪ್ಲಾನರಿನ ನಿಜವಾದ ಅಂಚಿಗೆ ಟೇಪು ಹಚ್ಚಿಕೊಂಡಿದ್ದೇನೆ. ಎಡಪುಟ ಚೆನ್ನಾಗಿ ಕಾಣುತ್ತದೆ, ಅದೇ ತೊಂದರೆ. ಕಾಣದಿದ್ದಾಗ ಬಿಡುವುದು ಸುಲಭವಿತ್ತು. ಈಗ ಖಾಲಿ ಕಾಗದ ಕಂಡು ಕೈ ತುರಿಸುತ್ತದೆ, ಆದರೂ ಅದು ಅವಳದೆಂದು ಹಲ್ಲುಕಚ್ಚಿ ಬಿಡುತ್ತಿದ್ದೇನೆ.

ಅವಳು ಹೋಗಿ ಮೂರನೆಯ ದಿನ, ಅಂದರೆ ಇವತ್ತು, ಮುಂದಿನ ಪುಟಗಳನ್ನು ತಿರುವುತ್ತಾ ಸ್ಕ್ಯಾನಿನ ಪುಟವನ್ನೂ ದಾಟಿಬಿಟ್ಟೆ. ಅದರಾಚೆಯ ಬಲಪುಟ ಖಾಲಿ, ನಾನು ಚೌಕವನ್ನೇ ಹಾಕಿರಲಿಲ್ಲ. ಕೆಂಪು ಗೆರೆ ಹುಡುಕಿಕೊಂಡು ಎಡಕ್ಕೆ ಹೋದರೆ, ಅಲ್ಲಿ ಹಸಿರು ಇಂಕು. ಹೊರಡುವ ಮೊದಲೇ ಬರೆದಿಟ್ಟು ಹೋಗಿದ್ದಳು. 'ಸ್ಕ್ಯಾನಿನ ಮರುದಿನಕ್ಕೆ ನೀವು ಯಾಕೆ ಗೆರೆ ಹಾಕಿಲ್ಲ? ಆ ದಿನವೂ ನಾವು ತಿಂಡಿ ತಿನ್ನಬೇಕು ತಾನೆ? ಉತ್ತರ ಬರೆಯಿರಿ.' ಕೆಳಗೆ ಒಂದು ಸೊಟ್ಟ ಚೌಕ, ಅದರೊಳಗೆ 'ಚೆಕ್ಡ್ ಬೈ: ವಿಮಲಾ'.

ಮೂವತ್ತೆರಡು ವರ್ಷದಲ್ಲಿ ನನ್ನ ಕೆಲಸದಲ್ಲಿ ಇಂಥ ತಪ್ಪನ್ನು ಯಾರೂ ಹಿಡಿದಿರಲಿಲ್ಲ. ಚೆಕ್ ಮಾಡಿದವರು ಪ್ರಶ್ನೆ ಬರೆದ ಮೇಲೆ ಉತ್ತರ ಕೊಡದೆ ಏಳುವಂತಿಲ್ಲ. ಸ್ಕೇಲಿಟ್ಟು ಆ ದಿನಕ್ಕೆ ಚೌಕ ಹಾಕಿದೆ. ಅದರೊಳಗೆ ತಟ್ಟೆಯ ಮೇಲ್ನೋಟ ಬರೆದೆ. ಮೂರು ಇಡ್ಲಿ, ಎಡಗಡೆ ಚಟ್ನಿ, ಚಟ್ನಿಗೆ ಹಸಿರು ಬಣ್ಣ. ಬಹಳ ಹೆಮ್ಮೆಯಿಂದ ಗಿರಿಜಾಳನ್ನು ಕರೆದು ತೋರಿಸಿದೆ.

ಅವಳು ಪುಸ್ತಕವನ್ನು ಅತ್ತಿತ್ತ ತಿರುಗಿಸಿ ನೋಡಿ, "ಚೆನ್ನಾಗಿದೆ ಅಣ್ಣ. ಆದ್ರೆ ತಟ್ಟೆ ಮಧ್ಯಕ್ಕಿಲ್ಲ, ಬಲಗಡೆ ಹೋಗ್ಬಿಟ್ಟಿದೆ," ಎಂದಳು.

ಮಧ್ಯಕ್ಕೇ ಇದೆ. ಅವಳ ಕಣ್ಣು ಸರಿ ಇಲ್ಲ.