ಮೆಟ್ಟಿಲು ಹತ್ತಕೂಡದು

ಫೈಲಕ್ಕನ ಆ ದಿನದ ಫಜೀತಿಗೆಲ್ಲ ಮೂಲ ಡಾಕ್ಟರಮ್ಮ ಬರೆದುಕೊಟ್ಟ ಅಂಗೈಯಗಲದ ಒಂದು ಚೀಟಿ. 'ಎಂಟು ತಿಂಗಳ ಗರ್ಭಿಣಿ. ಸೊಂಟದ ಕೆಳಗಿನ ಮೂಳೆಗಳ ಕೀಲು ಸಡಿಲವಾಗಿ ನೋವಿದೆ. ಮೆಟ್ಟಿಲು ಹತ್ತಕೂಡದು' ಎಂದು ಅದರಲ್ಲಿತ್ತು. ಇದರಿಂದ ಮಗುವಿಗೇನೂ ತೊಂದರೆಯಿಲ್ಲ, ಆದರೆ ಹೆರಿಗೆಗೆ ಮುಂಚೆ ನೋವು ಪೂರ್ತಿ ಹೋಗುತ್ತದೆಂಬ ಭರವಸೆಯನ್ನೂ ಕೊಡಲಾರೆ, ಒಂಟಿ ಕಾಲ ಮೇಲೆ ನಿಲ್ಲಬೇಡ, ಮಗ್ಗುಲು ಬದಲಿಸುವಾಗ ಮಂಡಿ ಎರಡನ್ನೂ ಜೋಡಿಸಿಕೊಂಡೇ ಹೊರಳು ಎಂದು ಡಾಕ್ಟರಮ್ಮ ಹೇಳಿಕಳಿಸಿದ್ದರು.

ಹೇಳುವುದಕ್ಕೇನು, ಹೊರಳುವವಳು ಫೈಲಕ್ಕ. ಮಂಚದ ಎಡಗಡೆಯಿಂದ ಬಲಗಡೆಗೆ ಬರುವಷ್ಟರಲ್ಲಿ ಅವಳಿಗೆ ಬೆಳಗಾಗುತ್ತಿತ್ತು. ಬಟ್ಟೆಗೆ ಕಾಲು ತೂರಿಸುವುದಕ್ಕೆ ಹತ್ತು ನಿಮಿಷ, ಚಪ್ಪಲಿಗೆ ಇನ್ನೈದು. ಇದನ್ನೆಲ್ಲ ನೋಡಿ ನೋಡಿ ಅವಳ ಗಂಡ, ತನ್ನನ್ನು ಹೆರುವ ಹಿಂದಿನ ದಿನವೂ ಅಮ್ಮ ಬಾವಿಯಿಂದ ನೀರು ಸೇದಿದ್ದಳಂತೆ ಎಂದು ಹೊಗಳಿಕೊಂಡ.

"ಹಾಗಾದ್ರೆ ಇದನ್ನೂ ನಿಮ್ಮಮ್ಮನೇ ಹೆರ್ಲಿ," ಎಂದು ಹೇಳಿ ಅವಳು ಕೆಲಸಕ್ಕೆ ಹೊರಟಳು.

ಕಚೇರಿಯ ಎರಡನೇ ಮಹಡಿಯ ದಾಖಲೆ ಕೋಣೆ ಅವಳದು. ಸಾವಿರಾರು ಫೈಲುಗಳಲ್ಲಿ ಯಾವುದನ್ನು ಕೇಳಿದರೂ ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದಳು. ಹಾಗಾಗಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಫೈಲಕ್ಕ. ಲಿಫ್ಟಿನ ಬಾಗಿಲಿಗೆ ಹಳೆಯ ಬೀರುವೊಂದನ್ನು ಅಡ್ಡ ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಬೆಳಿಗ್ಗೆ ನಲವತ್ತು ಮೆಟ್ಟಿಲು ಹತ್ತಬೇಕು, ಸಂಜೆ ನಲವತ್ತು ಇಳಿಯಬೇಕು. ಹೆರಿಗೆ ರಜೆಗೆ ಇನ್ನೂ ಐದು ವಾರವಿತ್ತು. ಅಷ್ಟು ದಿನ ನೆಲಮಹಡಿಯಲ್ಲಿ ಕೂರಲು ಬಿಟ್ಟರೆ ಸರಿ, ಇಲ್ಲವಾದರೆ ಕೆಲಸ ಬಿಡುವುದೊಂದೇ ದಾರಿ. ಹಾಗಂದುಕೊಂಡೇ ಅವಳು ಚೀಟಿಯ ಜೊತೆಗೊಂದು ಅರ್ಜಿ ಬರೆದು ತಂದಿದ್ದಳು.

ನೆಲಮಹಡಿಯ ಹೆಡ್ ಗುಮಾಸ್ತರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅರ್ಜಿ ಚೆನ್ನಾಗಿದೆ ಎಂದರು. ಆದರೆ ಅದನ್ನು ಮೂರನೇ ಮಹಡಿಯ ಸಾಹೇಬರಿಗೆ ಅರ್ಜಿದಾರರೇ ಖುದ್ದಾಗಿ ಕೊಡಬೇಕು ಎಂದರು. ಹಿಂದೊಮ್ಮೆ ಯಾರೋ ತಂದಿಟ್ಟ ವರ್ಗಾವಣೆ ಅರ್ಜಿಯನ್ನು ಸಾಹೇಬರು ಮಂಜೂರು ಮಾಡಿದ್ದರು. ಆಮೇಲೆ ನೋಡಿದರೆ ಅರ್ಜಿದಾರ ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ಅರ್ಜಿದಾರರು ಉಸಿರಾಡುವುದನ್ನು ಕಣ್ಣಾರೆ ಕಂಡ ಮೇಲೆಯೇ ಸಹಿ.

"ನಂಗೆ ಮೇಲೆ ಹೋಗೋಕಾಗಲ್ಲ ಅಂತಾನೇ ಅಲ್ವಾ ಸಾರ್ ಈ ಅರ್ಜಿ?"

"ಅದನ್ನ ಮೇಲೆ ಹೋಗಿ ಹೇಳ್ಬೇಕಮ್ಮ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಫೈಲಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡವಾಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ಹತ್ತತೊಡಗಿದಳು. ಮುಂದಿನ ಮೂಳೆಯಲ್ಲಿ ಚುಚ್ಚಿದ ನೋವು ಬೆನ್ನಿನ ಬುಡದಲ್ಲಿ ಏಳುತ್ತಿತ್ತು.

ಮೊದಲ ಮಹಡಿಯಲ್ಲಿ ಮೂರು ಹೆತ್ತ ಟೈಪಿಸ್ಟಮ್ಮ ಸಿಕ್ಕಿ, ಹತ್ತಿ ಇಳಿದರೆ ಹೆರಿಗೆ ಸಲೀಸು, ಕೂತುಬಿಟ್ಟರೆ ಮಗು ಸೋಮಾರಿಯಾಗುತ್ತದೆ ಎಂದು ಕಾಲು ಗಂಟೆ ಬುದ್ಧಿ ಹೇಳಿದರು. ಫೈಲಕ್ಕ ಕೂತಿರಲಿಲ್ಲ, ನಿಂತೇ ಕೇಳಿದಳು. ಎರಡನೇ ಮಹಡಿಯಲ್ಲಿ ಇನ್ನೂ ಮದುವೆಯೇ ಆಗದ ಲೆಕ್ಕಿಗ ಬಂದ. ಇಂಥ ನೋವೆಲ್ಲ ಮನಸ್ಸಿನಲ್ಲಿರುತ್ತದೆಂದು ಅವನು ಎಲ್ಲೋ ಓದಿದ್ದ. ಓದಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅಕ್ಕನಿಗೆ ಕೈ ಕೊಡೋಣ ಎಂದು ಟೈಪಿಸ್ಟಮ್ಮನನ್ನೂ ಕೂಗಿ ಕರೆದ. ಇವನು ಬಲಗೈ ಹಿಡಿದು ಮೇಲಕ್ಕೆ ಎಳೆದ, ಅವರು ಎಡಗೈ ಹಿಡಿದು ನಿಧಾನ ಎನ್ನುತ್ತ ತಡೆದರು. ಫೈಲಕ್ಕನ ಒಂದು ಕಾಲು ಮೇಲಿನ ಮೆಟ್ಟಿಲಿನಲ್ಲಿ, ಇನ್ನೊಂದು ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ ಉಳಿಯಿತು.

ಕಟಕ್ ಎಂದಿತು. ಕಂಬಿ ಇರಬೇಕೆಂದು ಲೆಕ್ಕಿಗ ಅದನ್ನು ಅಲುಗಾಡಿಸಿ ನೋಡಿದ.

ಸೌದೆಗೆ ಬೆಣೆ ಹೊಡೆದ ಹಾಗಾಗಿ ಫೈಲಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ತಿಂಗಳಿಂದ ಹಲ್ಲು ಕಚ್ಚಿ ತಡೆದುಕೊಂಡಿದ್ದೆಲ್ಲ ಹೊರಗೆ ಬಂತು. ಹೊಟ್ಟೆಯೊಳಗಿನದು ಬೇಕು, ತುಂಬ ಬೇಕು. ಆದರೆ ಹೀಗೆ ಇಬ್ಭಾಗವಾಗಿ ಎಷ್ಟು ದಿನ ನಡೆಯುವುದು ಎಂದು ಅವಳಿಗೆ ತಿಳಿಯಲಿಲ್ಲ. "ನಿಮ್ಮ ಕಾಲಿಗೆ ಬೀಳ್ತೀನಿ, ಯಾರೂ ಮುಟ್ಬೇಡಿ," ಎಂದಳು. ಕಾಲಿಗೆ ಬೀಳುವ ಸ್ಥಿತಿಯಲ್ಲೂ ಅವಳಿರಲಿಲ್ಲ. ಉಳಿದ ಮೆಟ್ಟಿಲುಗಳನ್ನೆಲ್ಲ ಕೂತುಕೊಂಡೇ, ಹಿಮ್ಮುಖವಾಗಿ, ಒಂದೊಂದಾಗಿ ಏರಿದಳು.

ಉಸಿರಾಟದ ವಿಷಯದಲ್ಲಿ ಸಾಹೇಬರಿಗೆ ಅನುಮಾನವೇ ಉಳಿಯಲಿಲ್ಲ. ಒಳ್ಳೆಯ ಮನುಷ್ಯ. ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ನೀರು ಕೊಟ್ಟರು. ತಮ್ಮ ಹೆಂಡತಿಯೂ ಇದೇ ನೋವು ತಿಂದಿದ್ದಳು, ಆಗ ತಮಗೆ ಅರ್ಥವಾಗಿರಲಿಲ್ಲ ಎಂದು ಕಣ್ಣೊರೆಸಿಕೊಂಡರು. "ಇನ್ನು ನೀನು ಮೇಲೆ ಕೂರಬೇಕಾಗಿಲ್ಲ ಕಣಮ್ಮ. ಈಗಲೇ ಆದೇಶ ಮಾಡ್ತೀನಿ," ಎಂದು ತಾವೇ ಕೂತು ಬರೆದು, ಮೊಹರು ಒತ್ತಿ ಕೊಟ್ಟರು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಆದರೂ ಇದೇ ಕೊನೆಯ ಸಲ ಎಂದುಕೊಂಡು ಫೈಲಕ್ಕ ಅರವತ್ತು ಮೆಟ್ಟಿಲನ್ನೂ ನಗುನಗುತ್ತ ಇಳಿದಳು. ಅಷ್ಟರಲ್ಲಿ ಸುದ್ದಿ ಮುಟ್ಟಿ ಹೆಡ್ ಗುಮಾಸ್ತರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿ, ಮೇಲೊಂದು ದಿಂಬನ್ನೂ ಇರಿಸಿದ್ದರು. ಅವಳು ಕೂತಳು. ಪಾದ ಎರಡೂ ನೆಲಕ್ಕೆ ಮುಟ್ಟಿದವು. ಆ ಐದು ನಿಮಿಷದ ಸುಖ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಹೆಡ್ ಗುಮಾಸ್ತರು ಕನ್ನಡಕ ಏರಿಸಿ ಆದೇಶ ಓದಿದರು. "ಸದರಿ ನೌಕರರ ಆಸನವನ್ನು ಈ ಕೂಡಲೇ ನೆಲಮಹಡಿಗೆ ಬದಲಾಯಿಸಲಾಗಿದೆ. ಅವರ ಕರ್ತವ್ಯದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ."

"ಹಾಗಂದ್ರೆ?"

"ಕುರ್ಚಿ ಇಲ್ಲಿ, ಫೈಲು ಅಲ್ಲೇ. ಯಾರಾದ್ರೂ ಕೇಳಿದಾಗ ಹೋಗಿ ತಂದುಕೊಟ್ರಾಯ್ತು."

ದಿನಕ್ಕೆ ಕಡಿಮೆಯೆಂದರೂ ಮೂವತ್ತು ಫೈಲು ಕೇಳುತ್ತಿದ್ದರು. ನಿನ್ನೆಯ ತನಕ ಅವಳು ದಿನಕ್ಕೆ ಒಂದು ಸಲ ಹತ್ತುತ್ತಿದ್ದಳು. ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿದಳು. ಆ ಕೋಣೆಯೊಳಗೆ ಅವಳನ್ನು ಬಿಟ್ಟು ಬೇರೆಯವರು ಕಾಲಿಡುವ ಹಾಗಿಲ್ಲ ಎಂದರು. ಹಾಗಾದರೆ ಈ ಆದೇಶವೇ ಬೇಡ, ಮೊದಲಿನ ಹಾಗೆ ಮೇಲೆಯೇ ಕೂರುತ್ತೇನೆ ಎಂದಳು.

"ಅದ್ಹೇಗಮ್ಮ ಆಗುತ್ತೆ? ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರೇ ಬರೆದಿದ್ದಾರೆ. ನಿಮ್ಮನ್ನ ಮೇಲೆ ಕೂರಿಸಿದ್ರೆ ನನ್ನ ಕೆಲಸಕ್ಕೇ ಕುತ್ತು ಬರುತ್ತೆ," ಎಂದು ಹೆಡ್ ಗುಮಾಸ್ತರು ಮರುಕದಿಂದ ತಲೆಯಾಡಿಸಿದರು. ಆಮೇಲೆ ಆದೇಶದ ಇನ್ನೊಂದು ಪ್ರತಿಯನ್ನು ಅವಳ ಕೈಗಿಟ್ಟರು. ಅದನ್ನು ಅವಳ ಸೇವಾ ಫೈಲಿಗೆ ಸೇರಿಸಬೇಕಾಗಿತ್ತು. ಇವತ್ತೇ.

ಆ ಫೈಲು ಎಲ್ಲಿದೆಯೆಂದು ಫೈಲಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡನೇ ಮಹಡಿ, ಒಂಬತ್ತನೇ ಕಪಾಟು, ಎಲ್ಲಕ್ಕಿಂತ ಮೇಲಿನ ಖಾನೆ. ಏಣಿ ಹಾಕಿಕೊಂಡೇ ತೆಗೆಯಬೇಕು. ಎರಡೂ ಕೈ ಕಂಬಿಗೆ ಬೇಕಾಗಿದ್ದರಿಂದ ಅವಳು ಆದೇಶವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.