ಅಮ್ಮನಿಗೆ ತಂದ ಕುರ್ಚಿ

ನಿಂತುಹೋದದ್ದನ್ನು ಓಡಿಸುವ ವಿದ್ಯೆ ನನಗೆ ಗೊತ್ತು. ಓಡುತ್ತಿರುವುದನ್ನು ನಿಲ್ಲಿಸುವ ವಿದ್ಯೆ ಮಾತ್ರ ಒಲಿಯಲಿಲ್ಲ. ಯಲ್ದೂರಿನಲ್ಲಿ ನನ್ನದೊಂದು ಮೋಟಾರ್ ರಿಪೇರಿ ಅಂಗಡಿ ಇದೆ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನು ನಾನು. ಆದರೂ ಸುಟ್ಟು ಕರಕಲಾದ ಬೋರ್‌ವೆಲ್ ಮೋಟಾರು ನನ್ನ ಕೈಗೆ ಬಂದು ಮತ್ತೆ ತಿರುಗದೆ ಹೋದದ್ದು ಅಪರೂಪ. ಫೋನಿನಲ್ಲೇ ಸದ್ದು ಕೇಳಿ ಬೇರಿಂಗ್ ಹೋಗಿದೆ ಅಂತ ಹೇಳಬಲ್ಲೆ. ಇದನ್ನು ಜಂಬ ಅಂದುಕೊಂಡರೂ ನನಗೆ ಬೇಜಾರಿಲ್ಲ. ನನ್ನ ತಾಪತ್ರಯ ಮೋಟಾರಿನದಲ್ಲ, ಅಮ್ಮನದು. ಎಪ್ಪತ್ತು ದಾಟಿದೆ, ಕೂರುವುದಿಲ್ಲ.

ದುಡಿದು ಮೇಲೆ ಬಂದ ಗಂಡಸಿಗೆ ಒಂದು ಆಸೆ ಇರುತ್ತದೆ, ಅಮ್ಮನನ್ನು ಕೂರಿಸಿ ಊಟ ಹಾಕಬೇಕು ಅಂತ. ಅದಕ್ಕೇ ಶ್ರೀನಿವಾಸಪುರದಿಂದ ಒರಗುವ ಕುರ್ಚಿಯೊಂದನ್ನು ತಂದು ಟಿ.ವಿ. ಮುಂದೆ ಹಾಕಿದೆ. ಮಾರನೇ ದಿನ ಅಮ್ಮ ಅದನ್ನು ಅಂಗಳಕ್ಕೆ ಎಳೆದು ಅದರ ಮೇಲೆ ಹಪ್ಪಳ ಒಣಹಾಕಿದ್ದಳು. ನಾನು ರೇಗಾಡಿದ ಮೇಲೆ ಕುರ್ಚಿ ಒಳಗೆ ಬಂತು. ಆಮೇಲಿಂದ ಮಧ್ಯಾಹ್ನ ನಾನು ಊಟಕ್ಕೆ ಬಂದಾಗೆಲ್ಲ ಅಮ್ಮ ಅದರಲ್ಲಿ ದೇವರ ಹಾಗೆ ಕೂತಿರುತ್ತಿದ್ದಳು. ನಾನೂ ಹಿಗ್ಗಿದೆ. ಆದರೆ ದೇವರ ಸೆರಗಿಗೆ ಹಿಪ್ಪುನೇರಳೆ ಸೊಪ್ಪಿನ ಚೂರು ಎಲ್ಲಿಂದ ಅಂಟಿಕೊಳ್ಳುತ್ತದೆ? ಹೆಂಡತಿಯನ್ನು ಕೇಳಿದರೆ, ಅತ್ತೆ ಇಲ್ಲೇ ಎಲ್ಲೋ ಹೋಗಿದ್ರು ಅನ್ನುತ್ತಾಳೆ. ರಾತ್ರಿ ಮಂಡಿನೋವು ಅಂತ ಎಣ್ಣೆ ಕೇಳುವವಳು ಹಗಲು ಎಲ್ಲಿಗೆ ಹೋಗುತ್ತಾಳೆ ಅನ್ನುವುದೇ ನನಗೆ ದೊಡ್ಡ ಕುತೂಹಲವಾಯಿತು.

ಬಾಯಿಬಿಟ್ಟವನು ಒಬ್ಬ ಗಿರಾಕಿ. ನಿಮ್ಮಮ್ಮನ ಕೈ ಬೀಳದೆ ನಮ್ಮ ಕಡೆ ರೇಷ್ಮೆ ಹುಳ ಗೂಡು ಕಟ್ಟೋದೇ ಇಲ್ಲ ಅಂದ. ನನಗೆ ತಲೆ ಬಿಸಿಯಾಯಿತು. ಮೋಟಾರ್ ಕೃಷ್ಣಪ್ಪನ ತಾಯಿ ಕೂಲಿಗೆ ಹೋಗ್ತಾಳೆ ಅಂದರೆ ನನ್ನ ಮಾನ ಏನಾಗಬೇಕು? ಕೂಲಿ ಅಲ್ಲ, ಮುಯ್ಯಿ ಅಂದ ಅವನು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ, ಆರಿಸಿ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟಿ, ಆ ಚಂದ್ರಿಕೆಗೆ ಬಿಡಬೇಕು. ಅದಕ್ಕೆ ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಅದು ನನಗೂ ಗೊತ್ತು. ಆದರೆ ನಾವು ಹುಳ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಇಲ್ಲದ ಹುಳಕ್ಕೆ ಎಂಥ ಮುಯ್ಯಿ?

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ ಹಿಂದೆಯೇ ಹೋದೆ. ಮಾವಿನ ತೋಪಿನ ದಾರಿಯಲ್ಲಿ ಅಮ್ಮ ಒಮ್ಮೆಯೂ ನಿಲ್ಲಲಿಲ್ಲ. ನಾನು ನಿಂತೆ, ಏದುಸಿರು ಬಿಡುತ್ತಾ ಒಂದು ಮರದ ಕೆಳಗೆ ಕೂತುಬಿಟ್ಟೆ. ಸುಧಾರಿಸಿಕೊಳ್ಳೋಕೆ ಬೀಡಿ ಹಚ್ಚಿ, ಸೇದಿ ಮುಗಿಸಿ, ತೋಪಿನಾಚೆ ಅಮ್ಮ ಹೊಕ್ಕಿದ್ದ, ಅವಳ ಗೆಳತಿ ಮುನಿರತ್ನಮ್ಮನವರ ಹುಳದ ಮನೆಯ ಕಿಟಕಿಗೆ ಕಣ್ಣಿಟ್ಟೆ. ಒಳಗೆ ಅಮ್ಮನ ವಾರಿಗೆಯ ನಾಲ್ಕೈದು ಹೆಂಗಸರು. ಅರ್ಧ ತೆಲುಗು, ಅರ್ಧ ಕನ್ನಡ, ಮಾತು ನಿಂತರೂ ಕೈ ನಿಲ್ಲದು. ಮನೆಯಲ್ಲಿ ಅಳೆದು ಮಾತಾಡುವ ನಮ್ಮಮ್ಮ ಇಲ್ಲಿ ಕುರ್ಚಿ ಬಂದ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಹೇಳುತ್ತಿದ್ದವಳು ಮೂಗು ಅರಳಿಸಿದಳು. ತಿರುಗಿ ಕೂಡ ನೋಡಲಿಲ್ಲ.

"ಬೀಡಿ ವಾಸನೆ. ಕಿಟ್ಟ, ಒಳಗೆ ಬರಬೇಡ ಕಣೋ, ಹುಳಕ್ಕೆ ಆಗಲ್ಲ."

ಹೊಗೆಸೊಪ್ಪಿನ ಗಾಳಿ ಹುಳಕ್ಕೆ ವಿಷ ಅಂತ ಈ ಕಡೆ ಹುಟ್ಟಿದ ಮಗುವಿಗೂ ಗೊತ್ತು. "ಏಮ್ರಾ ನಾಯನಾ, ಅಮ್ಮನ್ನ ಹಿಡ್ಕೊಂಡು ಹೋಗಾಕೆ ಬಂದ್ಯಾ?" ಅಂದರು ಮುನಿರತ್ನಮ್ಮ. ಇನ್ನು ಬಚ್ಚಿಡುವುದೇನಿದೆ? ನಮ್ಮನೇಲಿ ಹುಳಾನೇ ಇಲ್ಲ, ಯಾವ ಮುಯ್ಯಿ ತೀರಿಸ್ತಿದ್ದೀಯ, ನಡಿ ಮನೆಗೆ ಅಂತ ಕಿಟಕಿಯಿಂದಲೇ ದಬಾಯಿಸಿದೆ.

"ಅವರೆಕಾಯಿ ಕಾಲದಲ್ಲಿ ಇವರೆಲ್ಲ ನಮ್ಮನೆ ಜಗುಲೀಲಿ ಕೂತು ಬೇಳೆ ಹಿತಕ್ತಾರಲ್ಲ, ಯಾಕಂತ ತಿಳ್ಕೊಂಡಿದ್ದೆ?" ಅಂದಳು ಅಮ್ಮ. "ಮುದ್ದೆ ಜೊತೆ ಹಿತಕಿದ ಬೇಳೆ ಸಾರು ಸುರ್ಕೊಳ್ಳೋವಾಗ ಈ ಪ್ರಶ್ನೆ ಬರ್ಲಿಲ್ವಾ?" ಒಂದು ಹುಳ ಎತ್ತಿ ಚಂದ್ರಿಕೆಗೆ ಬಿಟ್ಟಳು. "ಅಂಗಡಿಗೆ ಬಂದೋರಿಗೆಲ್ಲ ಹೇಳ್ತೀಯ, ಮೋಟಾರ್ ಸುಮ್ನೆ ಇಟ್ರೆ ಜಾಮ್ ಆಗ್ತದೆ, ಆಗಾಗ ಓಡಿಸಿ ಅಂತ. ನನ್ನ ಮಾತ್ರ ಕುರ್ಚಿ ಮೇಲೆ ಇಟ್ಟಿದ್ದೀಯ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನು ವಾಪಸು ಹೊರಟೆ, ದಾರಿಯಲ್ಲಿ ಅದೇ ಮರದ ಕೆಳಗೆ ಮತ್ತೆ ಕೂತೆ.

ಈಗ ಅಮ್ಮ ನಾನಿರುವಾಗಲೇ ಹೊರಡುತ್ತಾಳೆ. ಬೈಕಿನಲ್ಲಿ ಬಿಡ್ತೀನಿ ಅಂದರೆ, ನೀನು ಬರೋ ಹೊತ್ತಿಗೆ ಹುಳ ಗೂಡು ಕಟ್ಟಿ ಮುಗಿಸ್ತವೆ ಅನ್ನುತ್ತಾಳೆ. ಕುರ್ಚಿ ಹಾಳಾಗಬಾರದಲ್ಲ, ಅದಕ್ಕೇ ನಾನೇ ಕೂರುತ್ತಿದ್ದೇನೆ. ಮೊನ್ನೆ ಭಾನುವಾರ ಅದರಿಂದ ಏಳುವಾಗ ಮಂಡಿಯಿಂದ ಕಟಕ್ ಅಂತ ಒಂದು ಸದ್ದು ಬಂತು. ಬಾಗಿಲಲ್ಲಿದ್ದ ಅಮ್ಮ ಹಿಂದಕ್ಕೆ ಬಂದು ಎಣ್ಣೆ ಶೀಸೆಯನ್ನು ಕುರ್ಚಿಯ ಕೈಮೇಲಿಟ್ಟು ಹೊರಟುಹೋದಳು. ಬೇರಿಂಗ್ ಸದ್ದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.