ಕೋಳಿ ಅಂಗಡಿಯ ಸ್ಕ್ಯಾನರಿಗೆ ಬ್ಲೌಸಿನ ದುಡ್ಡು

ಸಾಲ ಇರುವವರು ನಗಬಾರದು ಅಂತ ನಮ್ಮ ನೆಂಟರ ಅಭಿಪ್ರಾಯ. ಏನು ಮಾಡಲಿ, ನಗು ಬರುವಂಥದ್ದೇ ನಡೆಯುತ್ತಿರುತ್ತದೆ.

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ಕಸೂತಿ ಮಿಷನ್ನಿನ ಸಾಲ ಕಟ್ಟಲಾಗದೆ ಲೋಕ ಅದಾಲತ್ತಿನಲ್ಲಿ ಬ್ಯಾಂಕಿನ ಜೊತೆ ರಾಜಿಯಾಯಿತು. ತಿಂಗಳ ಕಂತು ತಪ್ಪಬಾರದು, ತಪ್ಪಿದರೆ ರಾಜಿಯೂ ಹೋಯಿತು, ಮಿಷನ್ನೂ ಹೋಯಿತು. ಆದರೆ ಹಳೇ ಖಾತೆಗೆ ಬೀಗ ಬಿದ್ದಿತ್ತು, ಗಿರಾಕಿಗಳೋ ಫೋನಿನಲ್ಲೇ ದುಡ್ಡು ಕೊಡುವವರು. ಹೊಸ ಖಾತೆಯಿಲ್ಲದೆ ಕಂತು ಕಟ್ಟುವುದು ಹೇಗೆ?

ಒಂದು ಟೀ

ಮೊದಲು ಹೋದ ಬ್ಯಾಂಕಿನಲ್ಲಿ ಆಫೀಸರು, "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂತ ಟೀ ತರಿಸಿದರು. ಪ್ರಾಮಾಣಿಕಳಾಗಿ ಅದಾಲತ್ತಿನ ಆದೇಶ ಮುಂದಿಟ್ಟೆ. ಓದಿದರು. ನನ್ನ ಮುಂದೆ ಬರುತ್ತಿದ್ದ ಟೀ ಪಕ್ಕದ ಎಫ್.ಡಿ. ಗಿರಾಕಿಯ ಕಡೆ ತಿರುಗಿತು.

ಸಾಯಂಕಾಲ ಅದೇ ಬ್ಯಾಂಕಿನಿಂದ ಫೋನು. "ಮೇಡಂ, ಪರ್ಸನಲ್ ಲೋನ್ ಏನಾದ್ರೂ ಬೇಕಾ?"

"ಬೆಳಿಗ್ಗೆ ಖಾತೆನೇ ಕೊಡಲ್ಲ ಅಂದ್ರಲ್ಲಮ್ಮ!"

"ಅದು ಬೇರೆ ಡಿಪಾರ್ಟ್‌ಮೆಂಟು ಮೇಡಂ."

ಅತ್ತೆಯ ಖಾತೆ

ಮಂಚೇನಹಳ್ಳಿಯ ನಮ್ಮತ್ತೆ, "ನನ್ನ ಖಾತೆಗೇ ಹಾಕ್ಸಮ್ಮ" ಅಂದರು. ದುಡ್ಡು ಸಲೀಸಾಗಿ ಒಳಗೆ ಹೋಯಿತು. ಆಚೆ ಬರಬೇಕಲ್ಲ! ಮಂಗಳವಾರ ಕೇಳಿದರೆ, "ಇವತ್ತು ಲಕ್ಷ್ಮೀನ ಆಚೆ ಕಳಿಸ್ತಾರೇನೇ?" ಬುಧವಾರ ಅಮಾವಾಸ್ಯೆ. ಗುರುವಾರ ರಾಹುಕಾಲ ಮುಗಿಯುವ ಹೊತ್ತಿಗೆ ಕ್ಯಾಷ್ ಕೌಂಟರ್ ಮುಚ್ಚಿತ್ತು. ಶುಕ್ರವಾರ ಕೇಳುವ ಧೈರ್ಯ ನನಗೇ ಇರಲಿಲ್ಲ.

ನಮ್ಮ ಯಜಮಾನರು ಹೇಳಿದರು: "ಅಮ್ಮನ್ನ ಮ್ಯಾನೇಜರ್ ಮಾಡಿದ್ರೆ ಯಾವ ಬ್ಯಾಂಕೂ ಮುಳುಗಲ್ಲ ಕಣೇ."

ಪಕ್ಕದ ಅಂಗಡಿ

ನನ್ನ ಪಾಡು ನೋಡಲಾಗದೆ ಪಕ್ಕದ ಚಿಕನ್ ಅಂಗಡಿಯ ಭಾಯ್, "ಖಾತೆ ಆಗೋವರ್ಗೂ ನನ್ನ ಸ್ಕ್ಯಾನರ್‌ಗೇ ಹಾಕ್ಸಿ ಅಕ್ಕ, ಸಾಯಂಕಾಲ ಕೈಗೆ ಕೊಡ್ತೀನಿ" ಅಂದರು. ಹಾಗೇ ಮಾಡಿದೆ.

ಒಂದು ದಿನ ಹಣೆಗೆ ಗಂಧವಿಟ್ಟ ಒಬ್ಬರು ಫೋನು ಚಾಚಿಕೊಂಡೇ ನುಗ್ಗಿದರು. ಈರುಳ್ಳಿಯನ್ನೂ ಮುಟ್ಟದ ಮನೆ ಅವರದು. "ನಮ್ಮನೆಯವಳು ಚಿಕನ್ ಸೆಂಟರ್‌ಗೆ ದುಡ್ಡು ಹಾಕಿದಾಳೆ! ಅದೂ ಏಕಾದಶಿ ದಿನ! ಕೇಳಿದ್ರೆ ಬ್ಲೌಸು ಅಂತಾಳೆ!"

ಬ್ಲೌಸು ತೋರಿಸಿ ನನ್ನ ಕಥೆಯನ್ನೆಲ್ಲ ಹೇಳಿದೆ. ಅವರು ಫೋನನ್ನೊಮ್ಮೆ, ಬ್ಲೌಸನ್ನೊಮ್ಮೆ ನೋಡಿ, "ಇದಕ್ಕೆ ಇಷ್ಟಾ? ಇಷ್ಟಕ್ಕೆ ಕೋಳಿನೇ ಮೂರು ಕೆ.ಜಿ. ಬರುತ್ತಲ್ಲಮ್ಮ!" ಅಂದರು.

ಲೆಕ್ಕ ಸರಿಯಾಗಿತ್ತು. ಅವರು ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯಾಂಕಿನ ಆಫೀಸರಂತೆ. ಬ್ಯಾಂಕಿನವರಲ್ಲವೇ, ಎಲ್ಲದರ ರೇಟೂ ಗೊತ್ತಿರುತ್ತದೆ ಅಂದುಕೊಂಡೆ.

"ನಾಳೆನೇ ನಮ್ಮ ಬ್ರಾಂಚಿಗೆ ಬನ್ನಿ. ಸಾಲ, ಓವರ್‌ಡ್ರಾಫ್ಟ್ ಕೇಳ್ಬೇಡಿ, ಬರೀ ಖಾತೆ ಆದ್ರೆ ರಾಜಿ ಏನೂ ಅಡ್ಡ ಬರಲ್ಲ. ನಮ್ಮನೆ ಮರ್ಯಾದೆ ಉಳಿದ್ರೆ ಸಾಕು" ಅಂದರು. ಖಾತೆಯಾಯಿತು. ನನ್ನದೇ ಸ್ಕ್ಯಾನರ್ ಬಂತು. ಆ ತಿಂಗಳ ಕಂತು ವಾಯಿದೆಗೆ ಮುಂಚೆಯೇ ಹೋಯಿತು.

ಭಾನುವಾರ

ಮುಂದಿನ ಭಾನುವಾರ ಭಾಯ್ ಅವರ ಸ್ಕ್ಯಾನರ್ ಕೈಕೊಟ್ಟಿತು. ಅಂಗಡಿ ಮುಂದೆ ಕ್ಯೂ. ಅವರ ಋಣ ತೀರಿಸಲು ಇದೇ ಸಮಯ ಅಂತ ನನ್ನ ಸ್ಕ್ಯಾನರ್ ಅಲ್ಲಿಟ್ಟು ಮನೆಗೆ ಬಂದೆ. ಬಿದ್ದ ದುಡ್ಡನ್ನು ಸಾಯಂಕಾಲವೇ ಅವರಿಗೆ ಕಳಿಸಿದೆ.

ಸೋಮವಾರ ಬಾಗಿಲು ತೆರೆಯುವಷ್ಟರಲ್ಲಿ ಹೆಂಗಸರ ಗುಂಪು. "ನಮ್ಮನೆಯವ್ರು ನಿನ್ನೆ ಲೇಡೀಸ್ ಟೈಲರ್‌ಗೆ ದುಡ್ಡು ಹಾಕಿದಾರೆ. ಯಾರಿಗೆ ಹೊಲಿಸಿದ್ದು?" "ಕೋಳಿ ದುಡ್ಡು ಕಣ್ರಮ್ಮ, ಕೋಳಿದು!" ಅಂತ ಒಬ್ಬೊಬ್ಬರಿಗೂ ಹೇಳಿ ಹತ್ತಾರು ಸಂಸಾರ ಉಳಿಸಿದೆ.

ಗುಂಪು ಕರಗಿದ ಮೇಲೆ ಕಡೆಯದಾಗಿ ಒಬ್ಬರು ಬಂದರು. ಏಕಾದಶಿ ಬ್ಲೌಸಿನವರು, ಆ ಆಫೀಸರ ಹೆಂಡತಿ.

"ಅಲ್ಲಮ್ಮ, ನಮ್ಮನೆಯವ್ರು ನಿಮಗೆ ದುಡ್ಡು ಹಾಕಿದಾರಲ್ಲ, ಯಾರಿಗೆ ಬ್ಲೌಸು?"

ಖಾತೆ ಮಾಡಿಸಿಕೊಟ್ಟ ಪುಣ್ಯಾತ್ಮ. ಬಾಯಿಯವರೆಗೆ ಬಂದ ಕೋಳಿಯನ್ನು ನುಂಗಿಕೊಂಡೆ.

"ನಿಮಗೇ ಕಣಮ್ಮ! ಹೇಳಬೇಡಿ ಅಂದಿದ್ರು" ಅಂದು ಅಳತೆ ಟೇಪು ತೆಗೆದೆ.